‘ಕಂಪನಿ’ಯೊಳಗೆ ಅಡಗಿರುವ ರೊಟ್ಟಿ

ಮನೆಗೆ ಒಂದು ಸಂಬಂಧ ಬಂದಿದೆ ಎಂದಿಟ್ಟುಕೊಳ್ಳಿ. ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ನೀವು ಕೇಳುತ್ತೀರಿ. “ಬೆಂಗಳೂರಲ್ಲಿ ಕಂಪನೀಲಿದ್ದಾನೆ” ಎಂಬ ಉತ್ತರ ಬರುತ್ತದೆ. ಅಷ್ಟು ಕಿವಿಗೆ ಬಿದ್ದರೆ ಸಾಕು, ಮನೆಯವರಿಗೆ ಅರ್ಧ ಸಮಾಧಾನ. ಯಾವ ಕಂಪನಿ, ಎಲ್ಲಿ, ಏನು ಕೆಲಸ ಎಂಬುದೆಲ್ಲ ಆಮೇಲಿನ ಮಾತು. ವೈಟ್‌ಫೀಲ್ಡಿನ ಗಾಜಿನ ಕಟ್ಟಡದೊಳಗೆ ಕಂಪ್ಯೂಟರಿನ ಮುಂದೆ ಕೂರುವವನೂ ಕಂಪನಿಯಲ್ಲಿರುವವನೇ. ಪೀಣ್ಯದ ಶೀಟಿನ ಶೆಡ್ಡಿನಲ್ಲಿ ಲೇತ್ ಮುಂದೆ ನಿಲ್ಲುವವನೂ ಕಂಪನಿಯವನೇ. ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಗೇಟಿನಲ್ಲಿ ಕಾರುಗಳ ಡಿಕ್ಕಿ ತೆರೆಸಿ ನೋಡುವ ಸೆಕ್ಯೂರಿಟಿಯವನನ್ನು ಕೇಳಿದರೂ ಅವನು “ಕಂಪನಿ ಕೆಲಸ” ಎಂದೇ ಹೇಳುತ್ತಾನೆ. ಪದ ಒಂದೇ, ಸಂಬಳ ಮಾತ್ರ ಬೇರೆ ಬೇರೆ.

ಈ ಪದ ಇಂಗ್ಲಿಷಿನದು ಎಂಬುದನ್ನೇ ನಾವು ಮರೆತಿದ್ದೇವೆ. ಹಳ್ಳಿಯ ಅಜ್ಜಿಯೂ ಅದನ್ನು ಸಲೀಸಾಗಿ ಬಳಸುತ್ತಾರೆ. ಬೆಳಿಗ್ಗೆ ಬರುವುದು ಕಂಪನಿ ಬಸ್ಸು, ರಾತ್ರಿ ಬಿಡುವುದು ಕಂಪನಿ ಕ್ಯಾಬು. ಅಂಗಡಿಯವನು ಮಿಕ್ಸಿಯ ಮೇಲೆ ಕೈಯಿಟ್ಟು “ಇದು ಕಂಪನಿ ಮಾಲು, ಲೋಕಲ್ ಅಲ್ಲ” ಎಂದರೆ ನಮಗೆ ನಂಬಿಕೆ ಬರುತ್ತದೆ. ಮಗ ಕೆಟ್ಟ ಹುಡುಗರ ಜೊತೆ ತಿರುಗುತ್ತಿದ್ದರೆ “ಅವನ ಕಂಪನಿ ಸರಿಯಿಲ್ಲ” ಎನ್ನುತ್ತೇವೆ. ಗೆಳತಿಯನ್ನು ಪೇಟೆಗೆ ಕರೆಯುವಾಗ “ಸುಮ್ಮನೆ ಕಂಪನಿ ಕೊಡು ಬಾರೇ” ಎನ್ನುತ್ತೇವೆ. ಮಿಲಿಟರಿಯಲ್ಲಿ ನೂರು ಚಿಲ್ಲರೆ ಸೈನಿಕರ ಒಂದು ತುಕಡಿಗೂ ಕಂಪನಿ ಎಂದೇ ಹೆಸರು. ಊರಿಗೆ ಬಂದು ತಿಂಗಳುಗಟ್ಟಲೆ ಟೆಂಟು ಹಾಕಿ ನಾಟಕ ಆಡುತ್ತಿದ್ದವರೂ ಕಂಪನಿಯವರೇ. ಕಾರ್ಖಾನೆ, ಸ್ನೇಹ, ಸೈನ್ಯ, ನಾಟಕ ಇವೆಲ್ಲಕ್ಕೂ ಒಂದೇ ಹೆಸರು ಹೇಗೆ ಬಂತು? ಎಂದಾದರೂ ಯೋಚಿಸಿದ್ದೀರಾ?

ಉತ್ತರ ಸಿಗುವುದು ಕಚೇರಿಯಲ್ಲಲ್ಲ, ಊಟದ ತಟ್ಟೆಯ ಮುಂದೆ.

ಲ್ಯಾಟಿನ್ ಭಾಷೆಯಲ್ಲಿ ‘ಕೊಮ್’ ಎಂದರೆ ಜೊತೆಗೆ, ‘ಪಾನಿಸ್’ ಎಂದರೆ ರೊಟ್ಟಿ. ಎರಡೂ ಸೇರಿ ‘ಕೊಂಪಾನಿಯೊ’ ಆಯಿತು. ಜೊತೆಯಲ್ಲಿ ರೊಟ್ಟಿ ತಿನ್ನುವವನು ಎಂಬುದು ಅದರ ಅರ್ಥ. 6ನೇ ಶತಮಾನದ ಸುಮಾರಿಗೆ ರೂಪುಗೊಂಡ ಫ್ರಾಂಕ್ ಜನರ ಕಾನೂನು ಸಂಹಿತೆಯಲ್ಲಿ ಈ ಪದ ಕಾಣಿಸುತ್ತದೆ. ಅದಕ್ಕೂ ಮೊದಲು ಜರ್ಮನ್ ಬುಡಕಟ್ಟುಗಳಲ್ಲಿ ಇಂಥದ್ದೇ ಒಂದು ಪದವಿತ್ತು. ಒಂದೇ ರೊಟ್ಟಿಯನ್ನು ಮುರಿದು ತಿನ್ನುವ ಜೊತೆಗಾರನನ್ನು ಅವರು ಆ ಹೆಸರಿನಿಂದ ಕರೆಯುತ್ತಿದ್ದರು. ಲ್ಯಾಟಿನ್ ಪದ ಅದರ ಪಡಿಯಚ್ಚು ಎಂದು ಪದಗಳ ಮೂಲ ಹುಡುಕುವವರು ಹೇಳುತ್ತಾರೆ. ಯುದ್ಧಕ್ಕೆ ಹೊರಟ ಗುಂಪು, ದೂರ ಪ್ರಯಾಣದ ಗುಂಪು ಯಾವುದೇ ಇರಲಿ, ರಾತ್ರಿ ಬೆಂಕಿಯ ಸುತ್ತ ಕುಳಿತು ರೊಟ್ಟಿ ಹಂಚಿಕೊಂಡವರು ಒಂದು ಕಂಪನಿ. ಹಳೆಯ ಫ್ರೆಂಚಿನ ಮೂಲಕ 13ನೇ ಶತಮಾನದ ಹೊತ್ತಿಗೆ ಪದ ಇಂಗ್ಲಿಷಿಗೆ ಬಂತು. ವ್ಯಾಪಾರದ ಅರ್ಥ ಅಲ್ಲಿ ನೆಲೆಯಾದದ್ದು ಬಹಳ ತಡವಾಗಿ, 16ನೇ ಶತಮಾನದಲ್ಲಿ. ಅಂದರೆ “ಕಂಪನಿ ಕೊಡು ಬಾರೇ” ಎಂದು ಗೆಳತಿಯನ್ನು ಕರೆಯುವಾಗ ನಾವು ಆಡುವುದೇ ಹಳೆಯ ಅರ್ಥ. ಗೇಟಿನ ಮೇಲಿನ ಬೋರ್ಡಿನಲ್ಲಿ ಬರೆದಿರುವುದು ಆಮೇಲೆ ಬಂದದ್ದು.

ಈ ‘ಪಾನಿಸ್’ ಎಂಬ ರೊಟ್ಟಿಯ ಬಂಧುಬಳಗ ನಮ್ಮ ಸುತ್ತಲೇ ಇದೆ. ಪೋರ್ಚುಗೀಸರ ನಾಲಿಗೆಯಲ್ಲಿ ಅದೇ ‘ಪಾಂವ್’ ಆಯಿತು, ಗೋವೆ-ಮುಂಬಯಿಗಳ ದಾರಿಯಾಗಿ ಬಂದು ನಮ್ಮ ‘ಪಾವ್’ ಆಯಿತು. ಪೀಣ್ಯದ ಕಾರ್ಖಾನೆಯಿಂದ ಹೊರಬಂದ ಹುಡುಗ ಜಾಲಹಳ್ಳಿ ಕ್ರಾಸಿನ ಗಾಡಿಯ ಮುಂದೆ ನಿಂತು ಪಾವ್ ಭಾಜಿ ತಿನ್ನುವಾಗ, ಅವನ ಕೈಯಲ್ಲಿರುವ ಪಾವ್ ಮತ್ತು ಕೊರಳಿನ ಗುರುತಿನ ಚೀಟಿಯಲ್ಲಿರುವ ಕಂಪನಿ ಒಂದೇ ಬೇರಿನವು! ಐಟಿ ಕಚೇರಿಗಳಲ್ಲಿ ಕಾಫಿ ಯಂತ್ರ, ಮೈಕ್ರೋವೇವ್ ಇಟ್ಟಿರುವ ಪುಟ್ಟ ಕೋಣೆಗೆ ‘ಪ್ಯಾಂಟ್ರಿ’ ಎನ್ನುತ್ತಾರಲ್ಲ, ಅದೂ ಈ ಮನೆತನದ್ದೇ. ರೊಟ್ಟಿಯಿಡುವ ಕೋಣೆ ಎಂಬುದು ಅದರ ಮೂಲ ಅರ್ಥ. ಕ್ಯಾಂಟೀನ್ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ಇಟಲಿಯ ‘ಕಂತೀನಾ’, ಅಂದರೆ ದ್ರಾಕ್ಷಾರಸ ಇಡುವ ನೆಲಮಾಳಿಗೆ. ನಮ್ಮ ಕ್ಯಾಂಟೀನುಗಳ ತಿಳಿಸಾರು ಕುಡಿದವರು ಇದನ್ನು ನಂಬಲಾರರು.

ಇಂಗ್ಲಿಷಿನಲ್ಲಿ ರೊಟ್ಟಿಯ ಸುತ್ತ ಹುಟ್ಟಿದ ಇನ್ನೆರಡು ಪದಗಳನ್ನು ನೋಡಿ. ‘ಲಾರ್ಡ್’ ಎಂದರೆ ಒಡೆಯ ಎಂದು ಎಲ್ಲರಿಗೂ ಗೊತ್ತು. ಹಳೆಯ ಇಂಗ್ಲಿಷಿನಲ್ಲಿ ಆ ಪದ ‘ರೊಟ್ಟಿಯ ಕಾವಲುಗಾರ’ ಎಂದಾಗಿತ್ತು. ‘ಲೇಡಿ’ ಎಂದರೆ ‘ಹಿಟ್ಟು ನಾದುವವಳು’. ಹಾಗಾದರೆ ನಮ್ಮ ಅಡುಗೆಮನೆಗಳಲ್ಲಿ ದಿನಾ ಬೆಳಿಗ್ಗೆ ಎಷ್ಟೊಂದು ಲೇಡಿಗಳು! ಆ ಒಡೆಯನ ಮನೆಯ ಆಳಿಗೂ ಒಂದು ಹೆಸರಿತ್ತು, ‘ರೊಟ್ಟಿ ತಿನ್ನುವವನು’. ಒಡೆಯ, ಒಡತಿ, ಆಳು ಎಂಬ ಮೂರೂ ಹೆಸರುಗಳು ರೊಟ್ಟಿಯ ಲೆಕ್ಕದಲ್ಲೇ ಹುಟ್ಟಿದವು. ಕಾಯುವವನು ಯಾರು, ನಾದುವವಳು ಯಾರು, ಯಾರ ಕೈಯಿಂದ ಯಾರು ತಿನ್ನುವುದು ಎಂಬುದರಿಂದಲೇ ದೊಡ್ಡವರು-ಚಿಕ್ಕವರು ಎಂದು ತೀರ್ಮಾನವಾಗುತ್ತಿತ್ತು. ‘ಕಂಪನಿ’ ಎಂಬ ಪದದಲ್ಲಿ ಮಾತ್ರ ಒಡೆಯನಿಲ್ಲ, ಆಳಿಲ್ಲ. ಜೊತೆಗೆ ಕುಳಿತವರಷ್ಟೇ ಇದ್ದಾರೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಮ್‌ನಿವಾಲಾ, ಶರಿಕಾ, ಸಾಹೇಬ

ಇದು ಬರೀ ಲ್ಯಾಟಿನ್ನರ ಕಲ್ಪನೆಯೇನಲ್ಲ. ಉರ್ದು ಮಾತನಾಡುವ ಮನೆಗಳಲ್ಲಿ ಆಪ್ತ ಗೆಳೆಯರನ್ನು ‘ಹಮ್‌ನಿವಾಲಾ’ ಎನ್ನುತ್ತಾರೆ. ‘ನಿವಾಲಾ’ ಎಂದರೆ ತುತ್ತು, ‘ಹಮ್’ ಎಂದರೆ ಜೊತೆಯ, ಒಂದೇ ಎಂಬರ್ಥ. ಕಂಪನಿಯನ್ನು ಪದಕ್ಕೆ ಪದವಿಟ್ಟು ಉರ್ದುವಿಗೆ ತಂದರೆ ಇದೇ ಸಿಗುತ್ತದೆ. ಒಂದೇ ದಸ್ತರ್‌ಖಾನಿನ ಸುತ್ತ, ಒಂದೇ ದೊಡ್ಡ ತಟ್ಟೆಯಿಂದ ನಾಲ್ಕು ಕೈಗಳು ಉಣ್ಣುವುದನ್ನು ಕಂಡವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲೂ “ಹಂಚಿ ಉಂಡರೆ ಹಸಿವಿಲ್ಲ” ಎನ್ನುತ್ತೇವೆ, ಅನ್ನದ ಋಣ, ಉಪ್ಪಿನ ಋಣ ಎನ್ನುತ್ತೇವೆ. ‘ಸ್ಯಾಲರಿ’ ಎಂಬ ಪದದಲ್ಲೂ ಉಪ್ಪಿದೆ, ‘ಸಾಲ್’ ಎಂದರೆ ಲ್ಯಾಟಿನ್ನಿನಲ್ಲಿ ಉಪ್ಪು. ಆದರೆ ರೋಮಿನ ಸೈನಿಕರಿಗೆ ಸಂಬಳವನ್ನೇ ಉಪ್ಪಿನ ರೂಪದಲ್ಲಿ ಕೊಡುತ್ತಿದ್ದರು ಎಂಬ ಜನಪ್ರಿಯ ಕತೆಗೆ ಪುರಾವೆಯಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರು ಅಲ್ಲಿನ ಬೋರ್ಡುಗಳ ಮೇಲೆ ‘ಶರಿಕಾ’ ಎಂದು ಬರೆದಿರುವುದನ್ನು ನೋಡಿರುತ್ತಾರೆ. ಅರಬಿಯಲ್ಲಿ ಕಂಪನಿಗೆ ಇರುವ ಪದ ಅದು. ಅದರ ಮೂಲದಲ್ಲಿರುವುದು ಪಾಲು, ಹಂಚಿಕೆ. ‘ಶರೀಕ್’ ಎಂದರೆ ಪಾಲುದಾರ, ಜೊತೆ ಸೇರಿದವನು. ಮದುವೆಗೋ ಮಯ್ಯತ್ತಿಗೋ “ಶರೀಕ್ ಆಗಿ” ಎಂದು ಕರೆಯುವಾಗ ನಾವು ಬಳಸುವುದೂ ಅದೇ ಪದ. ಅಲ್ಲಿ ರೊಟ್ಟಿಯಿಲ್ಲ, ಪಾಲು ಇದೆ. ರೊಟ್ಟಿಯಿರಲಿ, ಪಾಲಿರಲಿ, ಹಂಚುವ ಮಾತಂತೂ ಎರಡರಲ್ಲೂ ಇದೆ.

‘ಸಾಹೇಬ’ ಎಂಬ ಪದದ ಪ್ರಯಾಣ ಇನ್ನೂ ವಿಚಿತ್ರವಾದದ್ದು. ಅರಬಿಯ ‘ಸಾಹಿಬ್’ ಎಂದರೆ ಮೂಲದಲ್ಲಿ ಒಡನಾಡಿ, ಸಂಗಾತಿ. ಪ್ರವಾದಿಯವರ(ಸ) ಸಂಗಾತಿಗಳನ್ನು ‘ಸಹಾಬಿ’ಗಳು ಎಂದು ಕರೆಯುವುದೂ ಇದೇ ಮೂಲದಿಂದ. ಜೊತೆಯಲ್ಲಿದ್ದವನಿಗೆ ಹೇಳುತ್ತಿದ್ದ ಈ ಮಾತು ಪಾರಸಿಯನ್ನು ಹಾದು ಭಾರತಕ್ಕೆ ಬರುವಷ್ಟರಲ್ಲಿ ಒಡೆಯನಿಗೆ, ಅಧಿಕಾರಿಗೆ ಹೇಳುವ ಮಾತಾಯಿತು. ಪಕ್ಕದಲ್ಲಿ ಕೂರುತ್ತಿದ್ದವನು ಕುರ್ಚಿ ಏರಿದ, ನಾವು ಎದ್ದು ನಿಂತೆವು. ನಮ್ಮೂರುಗಳಲ್ಲಿ ಮುಸ್ಲಿಮರನ್ನು ‘ಸಾಬರು’ ಎನ್ನುತ್ತಾರೆ, ಒಮ್ಮೆ ಗೌರವದಿಂದ, ಒಮ್ಮೆ ಹಗುರವಾಗಿ. ಹೇಳುವವರ ದನಿ ಏನೇ ಇರಲಿ, ಬಾಯಿಂದ ಹೊರಡುವುದು ‘ಒಡನಾಡಿಗಳು’ ಎಂಬ ಮಾತೇ.

ಈಗ ನಮ್ಮ ಲಾವಣಿಗಳಲ್ಲಿ, ಹಳೆಯ ಕಾಗದಪತ್ರಗಳಲ್ಲಿ ಬರುವ ‘ಕುಂಪಣಿ’ಯನ್ನು ಇದರ ಪಕ್ಕದಲ್ಲಿಡಿ. ಅದು ಕಂಪನಿಯೇ, ಕನ್ನಡ ನಾಲಿಗೆಗೆ ಒಗ್ಗಿದ ರೂಪ. ಹಾಗಾದರೆ ‘ಕುಂಪಣಿ ಸಾಹೇಬ’ ಎಂದರೇನು? ರೊಟ್ಟಿ ಹಂಚಿಕೊಂಡವರ ಒಡನಾಡಿ! ಎರಡು ಸ್ನೇಹದ ಪದಗಳು ಸೇರಿದಾಗ ಜನ ಹೆದರಿ ಬಾಗಿಲು ಹಾಕಿಕೊಳ್ಳುವಂಥ ಹೆಸರಾಯಿತು.

ಕುಂಪಣಿ ಬಂತು

ಅದು ಆದದ್ದು ಹೀಗೆ. ಮಧ್ಯಯುಗದ ಇಟಲಿಯಲ್ಲಿ, ವಿಶೇಷವಾಗಿ ಫ್ಲಾರೆನ್ಸಿನಲ್ಲಿ, ಅಣ್ಣ-ತಮ್ಮ, ಮಾವ-ಅಳಿಯ ಕೂಡಿ ನಡೆಸುವ ವ್ಯಾಪಾರಕ್ಕೆ ‘ಕೊಂಪಾನಿಯಾ’ ಎನ್ನುತ್ತಿದ್ದರು. ಒಂದೇ ಮನೆಯ ರೊಟ್ಟಿ ತಿಂದವರು ಕಟ್ಟಿದ ವ್ಯಾಪಾರ. ಲಾಭವಾದರೆ ಎಲ್ಲರಿಗೂ ಪಾಲು, ಮುಳುಗಿದರೆ ಎಲ್ಲರ ಮನೆಯೂ ಹರಾಜು. 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಲಂಡನ್ನಿನ ವರ್ತಕರ ಗುಂಪೊಂದಕ್ಕೆ ಸನದು ಕೊಟ್ಟಳು. ಅದೇ ಈಸ್ಟ್ ಇಂಡಿಯಾ ಕಂಪನಿ. ಎರಡು ವರ್ಷ ಕಳೆದು ಡಚ್ಚರೂ ತಮ್ಮ ಕಂಪನಿ ಕಟ್ಟಿದರು. ಮೆಣಸು, ಬಟ್ಟೆ ಕೊಳ್ಳಲು ಬಂದ ಲಂಡನ್ನಿನ ವರ್ತಕರ ಕಂಪನಿ 19ನೇ ಶತಮಾನದ ಆರಂಭದ ಹೊತ್ತಿಗೆ ಸುಮಾರು 2 ಲಕ್ಷ ಸೈನಿಕರನ್ನು ಸಾಕುತ್ತಿತ್ತು. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಗೆದ್ದದ್ದು ಈ ಕಂಪನಿಯ ಪಡೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರನ್ನು ಕೊಂದದ್ದೂ ಅದರ ಪಡೆಯೇ. ಲಂಡನ್ನಿನ ಪಾಲುದಾರರು ತಮ್ಮ ಪಾಲಿನ ಲಾಭಾಂಶವನ್ನು ಮನೆಯಲ್ಲೇ ಕುಳಿತು ಎಣಿಸುತ್ತಿದ್ದರು. 1858ರಲ್ಲಿ ಆಡಳಿತ ಅದರ ಕೈತಪ್ಪಿತು, 1874ರಲ್ಲಿ ಕಂಪನಿಯೇ ವಿಸರ್ಜನೆಯಾಯಿತು.

ಟಿಪ್ಪುವಿಗೆ ಈ ಕಂಪನಿಯ ಬಲ ಬರೀ ತೋಪಿನಲ್ಲಿಲ್ಲ, ವ್ಯಾಪಾರದಲ್ಲಿದೆ ಎಂಬುದು ಗೊತ್ತಿತ್ತು. ಮಸ್ಕತ್ತಿನಲ್ಲಿ, ಕಚ್ಛಿನಲ್ಲಿ ಅವರು ಮೈಸೂರಿನ ವ್ಯಾಪಾರ ಕೋಠಿಗಳನ್ನು ತೆರೆಸಿದರು. 1790ರ ದಶಕದಲ್ಲಿ ಹೊರಡಿಸಿದ ವ್ಯಾಪಾರ ನಿಯಮಗಳಲ್ಲಿ ಪ್ರಜೆಗಳೂ ಸರ್ಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದು ಎಂದರು. ಅದರಲ್ಲಿದ್ದ ಒಂದು ವಿಶೇಷ ನೋಡಿ. ಚಿಕ್ಕ ಮೊತ್ತ ಇಟ್ಟವರಿಗೆ ಹೆಚ್ಚು ದರದ ಲಾಭ, ದೊಡ್ಡ ಮೊತ್ತ ಇಟ್ಟವರಿಗೆ ಕಡಿಮೆ ದರ! ಇಂದಿನ ಯಾವ ಬ್ಯಾಂಕಾದರೂ ಹೀಗೆ ಹೇಳೀತೇ? ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಜಗಳಗಳಿಗೆ ಕೊರತೆಯಿಲ್ಲ. ಈ ವ್ಯಾಪಾರ ನಿಯಮದ ಬಗ್ಗೆ ಮಾತಾಡಿದವರು ಕಡಿಮೆ.

ಮೂಲ ಅರ್ಥಕ್ಕೆ ಹತ್ತಿರವಾಗಿ ಬದುಕಿದ ಕಂಪನಿ ನಮ್ಮಲ್ಲಿ ಯಾವುದಾದರೂ ಇತ್ತೆ ಎಂದರೆ ಅದು ನಾಟಕ ಕಂಪನಿ. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಹೆಸರು ಕೇಳದ ಕನ್ನಡಿಗರು ವಿರಳ. ಇಂಥ ಕಂಪನಿಗಳಲ್ಲಿ ರಾಜನ ಪಾತ್ರದವನೂ ಪರದೆ ಎಳೆಯುವವನೂ ಒಂದೇ ಬಿಡಾರದಲ್ಲಿ ಮಲಗಿ, ಒಂದೇ ಅಡುಗೆಮನೆಯ ಊಟ ಉಣ್ಣುತ್ತಿದ್ದರು. ಕಲೆಕ್ಷನ್ ಇಲ್ಲದ ದಿನ ಎಲ್ಲರಿಗೂ ಗಂಜಿ. ಯಜಮಾನರೂ ಇದ್ದರು, ಬಾಕಿ ಸಂಬಳದ ಜಗಳವೂ ಇತ್ತು ಎನ್ನಿ.

ಹೊಟ್ಟೆಯಿಲ್ಲದ ಮನುಷ್ಯ

ಇಂದಿನ ಕಂಪನಿಗಳ ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂಬ ಬಾಲ ಇರುತ್ತದೆ. ಅದೇನೆಂದು ಮಕ್ಕಳು ಕೇಳಿದರೆ ನೀವು ಏನು ಹೇಳುತ್ತೀರಿ? ಅಲ್ಲಿ ಮಿತಿಯಿರುವುದು ಹೊಣೆಗೆ. ಕಂಪನಿ ಸಾಲದಲ್ಲಿ ಮುಳುಗಿದರೆ ಷೇರುದಾರರು ಕಳೆದುಕೊಳ್ಳುವುದು ತಾವು ಹಾಕಿದ ಹಣವನ್ನು ಮಾತ್ರ, ಅವರ ಮನೆಮಠಕ್ಕೆ ಸಾಲಗಾರರು ಕೈಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 1855ರ ಕಾನೂನು ಇದಕ್ಕೆ ದಾರಿಮಾಡಿಕೊಟ್ಟಿತು. 1896ರಲ್ಲಿ ಸಾಲಮನ್ ಎಂಬ ಬೂಟು ವ್ಯಾಪಾರಿಯ ಮೊಕದ್ದಮೆ ಅಲ್ಲಿನ ಪರಮೋಚ್ಚ ನ್ಯಾಯಪೀಠಕ್ಕೆ ಬಂತು. ಆತ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ್ದ. ಅದರ ಸದಸ್ಯರೆಂದರೆ ಅವನು, ಹೆಂಡತಿ, ಮಗಳು ಮತ್ತು ನಾಲ್ವರು ಗಂಡುಮಕ್ಕಳು. ಕಂಪನಿ ದಿವಾಳಿಯಾಯಿತು. ಸಾಲಮನ್ ಬೇರೆ, ಸಾಲಮನ್ ಕಂಪನಿ ಬೇರೆ, ಕಂಪನಿಯೇ ಒಬ್ಬ ಪ್ರತ್ಯೇಕ ವ್ಯಕ್ತಿ ಎಂದು ತೀರ್ಪಾಯಿತು. ಈ ತೀರ್ಪು ಇಂದಿಗೂ ನಮ್ಮ ಕಾನೂನು ಕಾಲೇಜುಗಳಲ್ಲಿ ಮೊದಲ ಪಾಠ.

ಹೀಗೆ ರೊಟ್ಟಿ ಹಂಚಿಕೊಳ್ಳುವ ಗುಂಪೊಂದು ಒಬ್ಬ ವ್ಯಕ್ತಿಯಾಗಿ ಬದಲಾಯಿತು. ಆ ವ್ಯಕ್ತಿಗೆ ಹೆಸರಿದೆ, ಆಸ್ತಿಯಿದೆ, ಕೋರ್ಟಿಗೆ ಹೋಗುವ ಹಕ್ಕಿದೆ. ಹೊಟ್ಟೆ ಇಲ್ಲ. ವಿನೋದವೆಂದರೆ ನಮ್ಮ 2013ರ ಕಂಪನಿ ಕಾಯ್ದೆ ‘ಏಕವ್ಯಕ್ತಿ ಕಂಪನಿ’ಗೂ ಅವಕಾಶ ಕೊಟ್ಟಿದೆ. ಒಬ್ಬನೇ ಕುಳಿತು ಯಾರ ಜೊತೆ ರೊಟ್ಟಿ ಹಂಚಿಕೊಳ್ಳುತ್ತಾನೋ, ಕಾನೂನು ಬರೆದವರೇ ಹೇಳಬೇಕು!

ಈ ವ್ಯಕ್ತಿಗಳು ನಮ್ಮ ಬೆಂಗಳೂರಿನ ಅಂಚಿನಲ್ಲಿ ಹೇಗೆ ನೆಲೆಸಿದರು ಎಂಬುದು ದೊಡ್ಡ ಕತೆ. ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡವರು ಕಿಯೋನಿಕ್ಸಿನ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗಾ. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದು ಶುರುವಾಯಿತು. ಅಲ್ಲಿ ದೊಡ್ಡ ಆವರಣ ಹೊಂದಿರುವ ವಿಪ್ರೊ ಹುಟ್ಟಿದ್ದು ಕಂಪ್ಯೂಟರಿನಿಂದಲ್ಲ, ಅಡುಗೆಮನೆಯ ಸರಕಿನಿಂದ. 1945ರಲ್ಲಿ ಮಹಾರಾಷ್ಟ್ರದ ಅಮಲ್‌ನೇರ್‌ನಲ್ಲಿ ಮೊಹಮ್ಮದ್ ಹಾಶಿಮ್ ಪ್ರೇಮ್‌ಜಿ ಅದನ್ನು ವನಸ್ಪತಿ ತಯಾರಿಸಲು ಕಟ್ಟಿದರು. ಅವರು ತೀರಿಕೊಂಡಾಗ, 1966ರಲ್ಲಿ, 21ರ ಹರೆಯದ ಮಗ ಅಜೀಂ ಪ್ರೇಮ್‌ಜಿ ಅಮೆರಿಕದ ಓದು ಬಿಟ್ಟುಬಂದು ಚುಕ್ಕಾಣಿ ಹಿಡಿದರು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಓಡತೊಡಗಿದಾಗ ಒಂದು ನಿಲ್ದಾಣದ ಹೆಸರು ‘ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’ ಎಂದಾಯಿತು. ಕಂಪನಿಯ ಹೆಸರು ಮುಂದೆ, ಊರಿನ ಹೆಸರು ಹಿಂದೆ. ಅಷ್ಟಾದರೂ ಕೋನಪ್ಪನವರು ಉಳಿದರಲ್ಲ ಎಂದು ಸಮಾಧಾನಪಟ್ಟುಕೊಳ್ಳೋಣ.

ಮೂಲ ಅರ್ಥ ಹೋದರೆ ಹೋಗಲಿ, ಪದಗಳು ಬದಲಾಗುವುದು ಸಹಜ ಎಂದು ನೀವು ಹೇಳಬಹುದು. ನಾನೂ ಒಪ್ಪುತ್ತೇನೆ. ಆದರೆ “ನೀನು ಕಂಪನಿಯವನಾ?” ಎಂಬ ಪ್ರಶ್ನೆಗೆ ಈ ಪ್ರದೇಶಗಳಲ್ಲಿ ಇಂದು ಸರಳ ಉತ್ತರವಿಲ್ಲ. ಒಂದೇ ಗೇಟಿನಲ್ಲಿ ಒಳಹೋಗುವ ಇಬ್ಬರಲ್ಲಿ ಒಬ್ಬ ಕಂಪನಿಯ ಪೇರೋಲಿನವನು, ಇನ್ನೊಬ್ಬ ಗುತ್ತಿಗೆದಾರನ ಪೇರೋಲಿನವನು. ಯಂತ್ರ ಒಂದೇ, ಪಾಳಿ ಒಂದೇ, ಕೊರಳ ಪಟ್ಟಿಯ ಬಣ್ಣ ಬೇರೆ. ಸಾಫ್ಟ್‌ವೇರ್ ಕಚೇರಿಗಳಲ್ಲೂ ಹೀಗೆಯೇ, ಅಲ್ಲಿ ಗುತ್ತಿಗೆದಾರನ ಹೆಸರು ‘ವೆಂಡರ್’. ವರ್ಷಗಟ್ಟಲೆ ನೆಲ ಒರೆಸಿದ ಹೆಂಗಸು, ಊಟ ಬಡಿಸಿದ ಹುಡುಗ, ಕ್ಯಾಬಿನ ಚಾಲಕ ಇವರೆಲ್ಲ ಊರಿಗೆ ಹೋದಾಗ “ಕಂಪನಿಯಲ್ಲಿದ್ದೇನೆ” ಎನ್ನುತ್ತಾರೆ. ಕಂಪನಿಯ ದಾಖಲೆ ತೆಗೆದು ನೋಡಿದರೆ ಅವರ ಹೆಸರು ಅಲ್ಲಿಲ್ಲ. ಒಂದು ಕಡೆ ಪ್ಯಾಂಟ್ರಿಯನ್ನು ದಿನಕ್ಕೆ ನಾಲ್ಕು ಬಾರಿ ತೊಳೆಯುವವರು ತಮ್ಮ ಡಬ್ಬಿ ಬಿಚ್ಚಲು ಮೆಟ್ಟಿಲ ಕೆಳಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ಆ ಕೋಣೆಯ ಹೆಸರೇ ರೊಟ್ಟಿಯ ಕೋಣೆ ಎಂಬುದನ್ನು ನೆನೆದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಕಾನೂನಿಗೆ ಇದು ಗೊತ್ತಿಲ್ಲದ್ದಲ್ಲ. 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮಿನ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಇರಬೇಕೆಂದು ಸರ್ಕಾರ ನಿಯಮ ಮಾಡಬಹುದಿತ್ತು. ಅದರ ಜಾಗಕ್ಕೆ ಬಂದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲಿ ಆ ಸಂಖ್ಯೆ 100ಕ್ಕೆ ಇಳಿದಿದೆ. ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿಯೇ ಆ ನೂರನ್ನು ಎಣಿಸಬೇಕು ಎಂದೂ ಅದು ಹೇಳುತ್ತದೆ. ಉಳಿದ ವಿಷಯಗಳಲ್ಲಿ ಹೊಸ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳ ತಕರಾರು ಸಾಕಷ್ಟಿದೆ. ಊಟದ ಪಂಕ್ತಿಯಲ್ಲಾದರೂ ಗುತ್ತಿಗೆಯವರ ತಲೆ ಲೆಕ್ಕಕ್ಕೆ ಬಂದಿದೆ.

‘ಕಂಪನಿ ಪಾಲು’

ಈ ಪದದ ಮೂಲ ಅರ್ಥವನ್ನು ಯಾವ ನಿಘಂಟೂ ಇಲ್ಲದೆ ಹಿಡಿದವರು ಗಾರ್ಮೆಂಟ್ಸಿನ ಹೆಂಗಸರು. 2016ರ ಏಪ್ರಿಲ್ ನಿಮಗೆ ನೆನಪಿದೆಯೇ? ಭವಿಷ್ಯ ನಿಧಿಗೆ ಸಾಮಾನ್ಯವಾಗಿ ಸಂಬಳದ ನೂರಕ್ಕೆ 12 ಕಾರ್ಮಿಕರಿಂದ ಹೋಗುತ್ತದೆ, ಇನ್ನು 12 ಮಾಲೀಕರ ಕಡೆಯಿಂದ. ಮಾಲೀಕರ 12ರಲ್ಲಿ 8.33 ಪಿಂಚಣಿ ಯೋಜನೆಗೆ ಹೋಗಿ 3.67 ನಿಧಿಯಲ್ಲಿ ಉಳಿಯುತ್ತದೆ. ಇದನ್ನು ಅವರ ಮಾತಿನಲ್ಲಿ ‘ಕಂಪನಿ ಪಾಲು’ ಎನ್ನುತ್ತಾರೆ. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟರೂ ಈ ಕಂಪನಿ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬುದು ಅದರ ಸಾರ.

ಓದಿದವರಿಗೆ ಇದು ಒಳ್ಳೆಯ ಉಳಿತಾಯದ ಯೋಜನೆಯಂತೆ ಕಂಡಿರಬಹುದು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಗಂಟೆಗೆ ಇಷ್ಟು ಪೀಸ್ ಎಂಬ ಗುರಿಯ ಹಿಂದೆ ಓಡಿ ಸೊಂಟ, ಕಣ್ಣು ಸವೆಸಿಕೊಳ್ಳುವ ಹೆಂಗಸು 58ರವರೆಗೆ ಆ ಕೆಲಸದಲ್ಲಿ ಉಳಿಯುವುದುಂಟೇ? ಮಗಳ ಮದುವೆ, ಮಗನ ಶಾಲೆಯ ಫೀಸು, ಬಾಡಿಗೆ ಮನೆಯ ಅಡ್ವಾನ್ಸು, ಚೀಟಿಯ ಸಾಲ ಇವಕ್ಕೆಲ್ಲ ಅವಳ ಕೈಯಲ್ಲಿದ್ದ ಒಂದೇ ಇಡಿಗಂಟು ಅದು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಿಂದ ಸಾವಿರಾರು ಹೆಂಗಸರು ರಸ್ತೆಗಿಳಿದರು. ಮರುದಿನ ಪೀಣ್ಯ, ತುಮಕೂರು ರಸ್ತೆಗೂ ಅದು ಹಬ್ಬಿತು. ಮುಂದೆ ನಿಂತು ಕರೆಕೊಟ್ಟ ದೊಡ್ಡ ನಾಯಕರಾರೂ ಇರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಆವರಣದ ವಾಹನಗಳು ಸುಟ್ಟವು, ಲಾಠಿಯೇಟು ತಿಂದವರಲ್ಲಿ ಹೆಂಗಸರೂ ಇದ್ದರು. ಆ ಬೆಂಕಿಯನ್ನು ಸಮರ್ಥಿಸಬೇಕಾಗಿಲ್ಲ. ಆದರೆ 19ರ ಸಂಜೆಯೇ ಕೇಂದ್ರ ಕಾರ್ಮಿಕ ಸಚಿವರು ಅಧಿಸೂಚನೆಯನ್ನು ಹಿಂದಕ್ಕೆ ಪಡೆದುದಾಗಿ ಘೋಷಿಸಿದರು. ಬೆಂಗಳೂರಿನ ಹೊಲಿಗೆ ಯಂತ್ರಗಳ ಹಿಂದಿನಿಂದ ಎದ್ದುಬಂದವರ ಒತ್ತಾಯಕ್ಕೆ ಇಡೀ ದೇಶದ ಕಾರ್ಮಿಕರ ಕಂಪನಿ ಪಾಲು ಉಳಿಯಿತು.

ಪಾಲು ಎಂಬ ಪದವನ್ನು ಅವರು ಎಲ್ಲಿಂದ ತಂದರು? ಮನೆಯಿಂದ. ಅನ್ನ ಬಡಿಸುವಾಗ ಬರದವರ ಪಾಲನ್ನು ಮುಚ್ಚಿಡುವವರು ಅವರೇ ತಾನೇ.

ಮನೆಯ ಮಾತು ಬಂತಲ್ಲ, ಈ ಪದದ ಇನ್ನೊಂದು ಮುಖವನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ಊರು ಬಿಟ್ಟು ಬಂದು ಪಿ.ಜಿ.ಗಳಲ್ಲಿರುವ ನಮ್ಮ ಹುಡುಗರ ಮೊದಲ ಸಿಗರೇಟು, ಮೊದಲ ಗುಟುಕು ಎಷ್ಟೋ ಸಲ ಆಸೆಯಿಂದ ಶುರುವಾಗುವುದಿಲ್ಲ, “ಸುಮ್ಮನೆ ಕಂಪನಿ ಕೊಡೋ ಮಾರಾಯ” ಎಂಬ ಮಾತಿನಿಂದ ಶುರುವಾಗುತ್ತದೆ. ಒಬ್ಬನೇ ಕೂತು ಊಟ ಮಾಡಲಾಗದ ಹುಡುಗ ಜೊತೆ ಹುಡುಕುತ್ತಾನೆ, ಸಿಕ್ಕ ಜೊತೆಗೆ ಇಲ್ಲವೆನ್ನಲಾರ. ಫೋನಿನಲ್ಲಿ “ಊಟ ಆಯ್ತಾ?” ಎಂದು ತಪ್ಪದೆ ಕೇಳುವ ಅಮ್ಮಂದಿರು “ಯಾರ ಜೊತೆ ಮಾಡಿದೆ?” ಎಂದೂ ಒಮ್ಮೆ ಕೇಳಿ ನೋಡಿ. ಇನ್ನು ಮಗ-ಸೊಸೆ ಇಬ್ಬರೂ ಕಂಪನಿಗೆ ಹೋದ ಮೇಲೆ ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಯಲ್ಲಿ ಉಳಿಯುವ ಹಿರಿಯರು. ಪರಿಚಯದ ಹಿರಿಯ ಹೆಂಗಸೊಬ್ಬರು ಒಮ್ಮೆ, “ಮನೇಲಿ ಇಬ್ಬರಿಗೂ ಕಂಪನಿ ಇದೆ, ನನಗೆ ಮಾತ್ರ ಕಂಪನಿ ಇಲ್ಲ” ಎಂದು ನಕ್ಕರು. ಮಧ್ಯಾಹ್ನದ ಊಟವನ್ನು ಅವರು ಟಿ.ವಿ.ಯ ಮುಂದೆ ನಿಂತುಕೊಂಡೇ ಮುಗಿಸುತ್ತಾರಂತೆ.

ಹಾಗೆಂದು ಹಳೆಯ ಅರ್ಥ ಪೂರ್ತಿ ಸತ್ತುಹೋಗಿದೆ ಎಂದುಕೊಳ್ಳಬೇಡಿ. ರಮಝಾನಿನ ಸಂಜೆ ಕಚೇರಿಯ ಪ್ಯಾಂಟ್ರಿಯಲ್ಲಿ ಖರ್ಜೂರದ ಡಬ್ಬಿ ಬಿಚ್ಚುವ ಹುಡುಗನ ಪಕ್ಕದಲ್ಲಿ, ಮೀಟಿಂಗನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ ಕಾಯುತ್ತಾ ನಿಲ್ಲುವ ಸಹೋದ್ಯೋಗಿಗಳನ್ನು ನೀವೂ ಕಂಡಿರುತ್ತೀರಿ. ಗಾರ್ಮೆಂಟ್ಸಿನ ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ಒಬ್ಬಳ ಚಿತ್ರಾನ್ನ ಇನ್ನೊಬ್ಬಳ ಡಬ್ಬಿಗೆ, ಅವಳ ಮುದ್ದೆ-ಬಸ್ಸಾರು ಮತ್ತೊಬ್ಬಳ ಮುಚ್ಚಳಕ್ಕೆ ಹೋಗುತ್ತದೆ. ಡಬ್ಬಿ ತರದವಳು ಯಾರೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅವಳ ಮುಂದೆಯೂ ಒಂದು ಮುಚ್ಚಳ ಬಂದು ನಿಲ್ಲುತ್ತದೆ.

ಪೀಣ್ಯದಲ್ಲಿ ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಯಾವುದಾದರೂ ಗೇಟಿನ ಎದುರಿನ ಚಹಾದಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಹೊರಗೆ ಬರುವವನ ಪಟ್ಟಿ ನೀಲಿ, ಒಳಗೆ ಹೋಗುವವನದ್ದು ಹಳದಿ. ಒಬ್ಬ ಕಾಯಂ, ಒಬ್ಬ ಗುತ್ತಿಗೆ. ಒಬ್ಬನಿಗೆ ಬೋನಸ್ ಬಂದಿದೆ, ಇನ್ನೊಬ್ಬನಿಗೆ ಇಲ್ಲ. ಇಬ್ಬರಲ್ಲೊಬ್ಬ ಎರಡು ಬೆರಳೆತ್ತಿ ಅಂಗಡಿಯವನಿಗೆ ಹೇಳುತ್ತಾನೆ: “ಅಣ್ಣಾ, ಒಂದು ಬೈಟು.”